ಪ್ರಿಪೇಯ್ಡ್ ಕರೆಂಟ್ ಎಂದರೇನು? ಅದು ಯಾವ ನಷ್ಟ ತುಂಬುತ್ತದೆ?

ಮೊದಲು ದುಡ್ಡು, ಆಮೇಲೆ ಕರೆಂಟ್. ಪ್ರಿಪೇಯ್ಡ್ ವಿದ್ಯುತ್ ಅಂದರೆ ಇಷ್ಟೇ. ಮನೆಯವರು ಮುಂಚೆಯೇ ಹಣ ಕಟ್ಟಿ ಮೀಟರಿಗೆ ತುಂಬಿಸಿಕೊಳ್ಳುತ್ತಾರೆ. ಬಳಸಿದ ಹಾಗೆಲ್ಲ ಅದು ಇಳಿಯುತ್ತಾ ಹೋಗುತ್ತದೆ. ಸೊನ್ನೆಗೆ ಬಂದರೆ ಮೀಟರಿನ ಒಳಗಿರುವ ಸ್ವಿಚ್ ತಾನಾಗಿಯೇ ಲೈನ್ ಕತ್ತರಿಸುತ್ತದೆ. ಮತ್ತೆ ದುಡ್ಡು ಹಾಕಿದರೆ ಮತ್ತೆ ಬರುತ್ತದೆ.

ಸರ್ಕಾರಿ ವಿದ್ಯುತ್ ಕಂಪನಿ ಸಾಲದಲ್ಲಿ ಮುಳುಗಿದಾಗಲೆಲ್ಲ ಈ ಮಾತು ಬರುತ್ತದೆ: ಮನೆಗಳಿಗೆಲ್ಲ ಪ್ರಿಪೇಯ್ಡ್ ಮೀಟರ್ ಹಾಕಿ, ಕಂಪನಿ ಉಳಿಯುತ್ತದೆ. ಇದರಲ್ಲಿ ಸ್ವಲ್ಪ ನಿಜ ಇದೆ. ಎಷ್ಟು ನಿಜ, ಆ ಉಳಿತಾಯದ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು.

ಮೊದಲು ಕಂಪನಿಯ ಕಷ್ಟ. ಹಂಚುವ ಕಂಪನಿ ಸಾಮಾನ್ಯವಾಗಿ ಕರೆಂಟನ್ನು ಬೇರೆಯವರಿಂದ ಕೊಳ್ಳುತ್ತದೆ. ಕೊಂಡದ್ದಕ್ಕೆ ದುಡ್ಡು ಕೊಡುವ ದಿನ ಬಂದೇ ಬರುತ್ತದೆ. ಆದರೆ ನೀವು ಒಂದನೇ ತಾರೀಕು ಹಾಕಿದ ದೀಪದ ಹಣ ಅದರ ಕೈಗೆ ಯಾವಾಗ ಬರುತ್ತದೆ? ತಿಂಗಳು ಮುಗಿಯಬೇಕು, ರೀಡಿಂಗ್ ಆಗಬೇಕು, ಬಿಲ್ ಬರಬೇಕು, ಗಡುವು ಮುಗಿಯಬೇಕು. ಕಟ್ಟದಿದ್ದರೆ ನೋಟಿಸ್. ಅದಕ್ಕೂ ಜಗ್ಗದಿದ್ದರೆ ಲೈನ್‌ಮನ್ ಬಂದು ಫ್ಯೂಸ್ ಕೀಳಬೇಕು. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಅಲ್ಲಿಯವರೆಗೆ ಕಂಪನಿ ಸಾಲ ಮಾಡಿ ನಡೆಸುತ್ತದೆ, ಬಡ್ಡಿ ಕಟ್ಟುತ್ತದೆ. ಪ್ರಿಪೇಯ್ಡ್ ಬಂದರೆ ಈ ಸಾಲದ ದಿಕ್ಕೇ ಬದಲಾಗುತ್ತದೆ. ಈವರೆಗೆ ಕಂಪನಿ ಮನೆಗೆ ಸಾಲ ಕೊಡುತ್ತಿತ್ತು. ಇನ್ನು ಮುಂದೆ ಮನೆ ಕಂಪನಿಗೆ ಮುಂಗಡ ಕೊಡುತ್ತದೆ. ಭಾರತದ 2003ರ ವಿದ್ಯುತ್ ಕಾಯ್ದೆ ಇದನ್ನು ಒಪ್ಪಿಕೊಂಡಿದೆ. ಪ್ರಿಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಕಂಪನಿ ಭದ್ರತಾ ಠೇವಣಿ ಕೇಳುವಂತಿಲ್ಲ ಎಂದು ಅದರ 47ನೇ ಸೆಕ್ಷನ್ ಹೇಳುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಕಂಪನಿ 100 ಯೂನಿಟ್ ಕೊಂಡಿತು ಅಂದುಕೊಳ್ಳಿ. ತಂತಿ ಬಿಸಿಯಾಗಿ, ಕೊಕ್ಕೆ ಹಾಕಿ ಕದ್ದವರಿಂದಾಗಿ, ಕೆಟ್ಟ ಮೀಟರುಗಳಿಂದಾಗಿ 15 ಯೂನಿಟ್ ದಾರಿಯಲ್ಲೇ ಹೋಯಿತು. ಬಿಲ್ ಆದದ್ದು 85. ಆ ಬಿಲ್ಲಿನಲ್ಲಿ ನೂರಕ್ಕೆ 90 ಪಾಲು ಮಾತ್ರ ವಸೂಲಾಯಿತು. ಅಲ್ಲಿಗೆ 76.5 ಯೂನಿಟ್ಟಿನ ಹಣ ಬಂತು, 23.5 ಯೂನಿಟ್ಟಿನದು ಬರಲಿಲ್ಲ. ಕಂಪನಿಗಳು ಎಟಿ ಅಂಡ್ ಸಿ ಲಾಸ್ (ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ) ಎಂದು ಕರೆಯುವುದು ಇದನ್ನೇ. ಪ್ರಿಪೇಯ್ಡ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ವಸೂಲಿಯನ್ನು 90ರಿಂದ 100ಕ್ಕೆ ತರಬಹುದು, ಅಷ್ಟೇ. ದಾರಿಯಲ್ಲಿ ಹೋದ 15 ಯೂನಿಟ್ ಹೋದ ಹಾಗೆಯೇ. ಮೀಟರಿಗೆ ಬರುವ ಮುಂಚೆಯೇ ಕೊಕ್ಕೆ ಹಾಕಿದವನಿಗೆ ಮುಂಗಡ ಮೀಟರಾದರೇನು, ತಿಂಗಳ ಬಿಲ್ಲಾದರೇನು?

ಇಲ್ಲಿ ಸ್ಮಾರ್ಟ್ ಮೀಟರ್ (ಬಳಕೆಯ ಲೆಕ್ಕವನ್ನು ತಾನಾಗಿಯೇ ಕಂಪನಿಗೆ ಕಳಿಸುವ ಮೀಟರ್) ಬೇರೆ, ಪ್ರಿಪೇಯ್ಡ್ ಬೇರೆ ಅನ್ನುವುದು ಗಮನದಲ್ಲಿರಲಿ. ಟ್ರಾನ್ಸ್‌ಫಾರ್ಮರಿಗೂ ಒಂದು ಮೀಟರ್ ಹಾಕಿ, ಅದರ ಲೆಕ್ಕವನ್ನು ಕೆಳಗಿನ ಮನೆಗಳ ಒಟ್ಟು ಲೆಕ್ಕದ ಜೊತೆ ತಾಳೆ ನೋಡಿದರೆ ಕಳ್ಳತನ ಎಲ್ಲಿ ಜಾಸ್ತಿ ಎಂದು ತಿಳಿಯುತ್ತದೆ. ಇದು ಅಳತೆಯಿಂದ ಬರುವ ಲಾಭ. ತಿಂಗಳ ಕೊನೆಗೆ ಬಿಲ್ ಕಟ್ಟುವ ವ್ಯವಸ್ಥೆಯಲ್ಲೂ ಇದು ಸಿಗುತ್ತದೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವುದರಿಂದ, ಅಳತೆಯ ಲಾಭವೆಲ್ಲ ಸುಮ್ನೆ ಮುಂಗಡದ ಖಾತೆಗೆ ಹೋಗಿಬಿಡುತ್ತದೆ.

ಮೀಟರ್ ಕೆಲಸ ಮಾಡುವ ರೀತಿ ಸೊಗಸಾಗಿದೆ. ಹಲವು ದೇಶಗಳಲ್ಲಿ ಹಣ ಕಟ್ಟಿದವರಿಗೆ 20 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಇದಕ್ಕೆ ಟೋಕನ್ ಎನ್ನುತ್ತಾರೆ. ಮನೆಗೆ ಬಂದು ಮೀಟರಿನ ಗುಂಡಿ ಒತ್ತಿ ಅದನ್ನು ನಮೂದಿಸಬೇಕು. ಮೀಟರಿಗೆ ಇಂಟರ್‌ನೆಟ್ ಬೇಡ, ಸಿಗ್ನಲ್ ಬೇಡ. ಆ ಸಂಖ್ಯೆ ಆ ಒಂದು ಮೀಟರಿಗೆ ಮಾತ್ರ ಹೊಂದುತ್ತದೆ. ಎಸ್‌ಟಿಎಸ್ ಎಂಬ ಈ ಪದ್ಧತಿ 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದು, ಆಮೇಲೆ ಅಂತರರಾಷ್ಟ್ರೀಯ ಮಾನದಂಡವಾಯಿತು. ಒಂದೇ ಟೋಕನ್ನನ್ನು ಎರಡು ಸಲ ಬಳಸದಂತೆ, ಅದು ಯಾವ ನಿಮಿಷದಲ್ಲಿ ಹುಟ್ಟಿತು ಎಂಬುದನ್ನೂ ಅದರೊಳಗೆ ಅಡಗಿಸಿರುತ್ತಾರೆ. ನಿಮಿಷದ ಎಣಿಕೆ ಶುರುವಾದದ್ದು 1993ರ ಜನವರಿ 1ರಿಂದ. ಅದಕ್ಕೆ ಕೊಟ್ಟಿದ್ದ ಜಾಗ 24 ಬಿಟ್, ಅಂದರೆ ಸುಮಾರು 1 ಕೋಟಿ 67 ಲಕ್ಷ ನಿಮಿಷ. 2024ರ ನವೆಂಬರ್ 24ಕ್ಕೆ ಅದು ತುಂಬಿಹೋಯಿತು. ಅಷ್ಟರೊಳಗೆ ಹಳೆಯ ಮೀಟರುಗಳಿಗೆಲ್ಲ 20 ಅಂಕಿಯ ಎರಡು ವಿಶೇಷ ಸಂಖ್ಯೆಗಳನ್ನು ಹಾಕಿ ಹೊಸದಾಗಿ ಹೊಂದಿಸಬೇಕಾಯಿತು. ಹಾಕದ ಮೀಟರ್ ಹೊಸ ಟೋಕನ್ ತೆಗೆದುಕೊಳ್ಳುವುದಿಲ್ಲ. ದುಡ್ಡು ಕಟ್ಟಿದ್ದರೂ ಕತ್ತಲೆ. ಈಗಿನ ಸ್ಮಾರ್ಟ್ ಮೀಟರಿನಲ್ಲಿ ಈ ತೊಂದರೆ ಇಲ್ಲ, ಲೆಕ್ಕ ಕಂಪನಿಯ ಸರ್ವರಿನಲ್ಲಿರುತ್ತದೆ. ಆದರೆ ಸರ್ವರ್ ಕೈಕೊಟ್ಟರೆ ರೀಚಾರ್ಜ್ ಆಗದೆ ಮನೆಯವರು ಕಾಯಬೇಕು.

ಹಾಗಾದರೆ ಕಂಪನಿಗೆ ನಿಜವಾಗಿ ಲಾಭ ಆಗುತ್ತದಾ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಬಿಲ್ ಕಟ್ಟುತ್ತಿದ್ದ ಸಾವಿರಾರು ಗ್ರಾಹಕರಿಗೆ ಪ್ರಿಪೇಯ್ಡ್ ಹಾಕಿ ಅಧ್ಯಯನ ಮಾಡಿದರು. ಬಳಕೆ ಸುಮಾರು 14 ಶೇಕಡಾ ಇಳಿಯಿತು. ಮಾರಾಟ ಕಡಿಮೆಯಾದರೂ ವಸೂಲಿ ಬೇಗ ಆಯಿತು, ಖರ್ಚೂ ಕಡಿಮೆಯಾಯಿತು. ಸರಾಸರಿ ನೋಡಿದರೆ ಕಂಪನಿಗೆ ಲಾಭವೇ. ಅದರಲ್ಲೂ ಬಾಕಿ ಉಳಿಸಿಕೊಳ್ಳುತ್ತಿದ್ದ ಮನೆಗಳಿಂದ ಲಾಭ ಜಾಸ್ತಿ. ಆ 14 ಶೇಕಡಾದಲ್ಲಿ ಬೇಡದ ದೀಪ ಆರಿಸಿದ್ದು ಎಷ್ಟು, ಬೇಕಿದ್ದ ಬಿಸಿನೀರನ್ನೂ ಬಿಟ್ಟದ್ದು ಎಷ್ಟು? ಮೀಟರಿಗೆ ಎರಡೂ ಒಂದೇ. ನನಗಂತೂ ಒಂದೇ ಅಲ್ಲ.

ಅದೇ ದೇಶದಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿನ ಸರ್ಕಾರಿ ಕಂಪನಿ ಎಸ್ಕಾಮ್ ಮತ್ತು ನಗರಸಭೆಗಳು 1990ರ ದಶಕದಿಂದ ಲಕ್ಷಾಂತರ ಮನೆಗಳಿಗೆ ಪ್ರಿಪೇಯ್ಡ್ ಹಾಕಿದವು. ಆದರೂ ಎಸ್ಕಾಮ್ ಸಾಲದಿಂದ ಹೊರಬರಲಿಲ್ಲ, ವರ್ಷಗಟ್ಟಲೆ ಲೋಡ್ ಶೆಡ್ಡಿಂಗ್ ಮಾಡಿತು. ಹಳೆಯ ವಿದ್ಯುತ್ ಸ್ಥಾವರಗಳು ಪದೇ ಪದೇ ಕೆಟ್ಟವು, ಹೊಸವು ತಡವಾದವು, ಭ್ರಷ್ಟಾಚಾರ ನಡೆಯಿತು. ನಗರಸಭೆಗಳು ಜನರಿಂದ ಮುಂಗಡ ವಸೂಲಿ ಮಾಡಿಯೂ ಎಸ್ಕಾಮಿಗೆ, ಅಲ್ಲಿನ ಹಣದಲ್ಲಿ, ಹತ್ತಾರು ಶತಕೋಟಿ ರ‍್ಯಾಂಡ್ ಬಾಕಿ ಉಳಿಸಿಕೊಂಡವು. ಮನೆಯವರ ಹಣ ಮೊದಲೇ ಬಂದಿತ್ತು. ಅದು ಮೇಲೆ ತಲುಪಲಿಲ್ಲ.

ಮನೆಯ ಕಡೆ ಬರೋಣ. ಮೊಬೈಲ್ ಪ್ರಿಪೇಯ್ಡ್ ಆಗಲಿಲ್ವಾ, ಇದಕ್ಯಾಕೆ ತಕರಾರು ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ಕರೆನ್ಸಿ ಮುಗಿದರೆ ಒಂದು ಮಾತು ತಪ್ಪುತ್ತದೆ. ಕರೆಂಟ್ ಹೋದರೆ ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಕೆಡಬಹುದು, ಆಕ್ಸಿಜನ್ ಯಂತ್ರ ನಿಲ್ಲುತ್ತದೆ. ಬಿಲ್ ಇದ್ದ ಕಾಲದಲ್ಲಿ ಕರೆಂಟ್ ಕತ್ತರಿಸಲು ಒಬ್ಬ ಮನುಷ್ಯ ಬರಬೇಕಿತ್ತು. ಅವನ ಹತ್ತಿರ ಎರಡು ದಿನ ಕೇಳಬಹುದಿತ್ತು. ಭಾರತದ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕತ್ತರಿಸುವ ಮುಂಚೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಪ್ರಿಪೇಯ್ಡ್‌ನಲ್ಲಿ ಇದ್ಯಾವುದೂ ಇಲ್ಲ. ಸೊನ್ನೆ ಆಯಿತು, ಹೋಯಿತು. ಇಂಗ್ಲೆಂಡಿನಲ್ಲಿ ಇದನ್ನು 'ಸೆಲ್ಫ್ ಡಿಸ್ಕನೆಕ್ಷನ್' ಎನ್ನುತ್ತಾರೆ, ಅಂದರೆ ಮನೆಯವರೇ ತಮ್ಮ ಕರೆಂಟ್ ಕತ್ತರಿಸಿಕೊಂಡ ಹಾಗೆ ಲೆಕ್ಕ. ಹೀಗಾಗಿ ಕಂಪನಿಯ ಡಿಸ್ಕನೆಕ್ಷನ್ ಪಟ್ಟಿಯಲ್ಲಿ ಈ ಮನೆಗಳು ಬರುವುದೇ ಇಲ್ಲ.

ಕಾನೂನೂ ಬಹುಮಟ್ಟಿಗೆ ಇದನ್ನೇ ಒಪ್ಪಿದೆ. ಭಾರತದ 2020ರ ಗ್ರಾಹಕ ಹಕ್ಕುಗಳ ನಿಯಮಗಳಲ್ಲಿ, ಪ್ರಿಪೇಯ್ಡ್ ಹಣ ಮುಗಿದು ಕರೆಂಟ್ ನಿಂತರೆ ಅದನ್ನು ಸಂಪರ್ಕ ಕಡಿತ ಎಂದು ಎಣಿಸುವಂತಿಲ್ಲ ಎಂದಿದೆ. ಸೊವೆಟೊದ ಫಿರಿ ಬಡಾವಣೆಯ ಜನ ಪ್ರಿಪೇಯ್ಡ್ ನೀರಿನ ಮೀಟರ್ ವಿರುದ್ಧ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯಕ್ಕೆ ಹೋಗಿದ್ದರು. 2009ರಲ್ಲಿ ಅವರು ಸೋತರು. ನೀರು ನಿಂತದ್ದು ಕಡಿತವಲ್ಲ, ಮತ್ತೆ ಹಣ ಹಾಕುವ ತನಕ ತಾತ್ಕಾಲಿಕ ತಡೆ ಎಂದು ನ್ಯಾಯಾಲಯ ಹೇಳಿತು. ಬಾಯಾರಿದವರಿಗೆ ಈ ವ್ಯತ್ಯಾಸದಿಂದ ಏನು ಸಿಕ್ಕಿತು?

ಬ್ರಿಟನ್ ತಡವಾಗಿಯಾದರೂ ಎಚ್ಚೆತ್ತುಕೊಂಡಿತು. ಬಾಕಿ ಇದ್ದವರ ಮನೆಗೆ ಕೋರ್ಟಿನ ವಾರಂಟ್ ತಂದು, ಬಾಗಿಲು ತೆಗೆಸಿ ಪ್ರಿಪೇಯ್ಡ್ ಹಾಕುವುದು ಅಲ್ಲಿ ನಡೆದಿತ್ತು. ಪತ್ರಿಕೆಯಲ್ಲಿ ಅದು ಬಯಲಾದ ಮೇಲೆ, 2023ರ ಫೆಬ್ರವರಿಯಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಬಲವಂತದ ಅಳವಡಿಕೆ ನಿಲ್ಲಿಸಲು ಹೇಳಿತು. ಆ ವರ್ಷದ ಕೊನೆಗೆ ಬಿಗಿ ನಿಯಮ ಬಂತು. ಮೊದಲು ಕನಿಷ್ಠ 10 ಸಲ ಗ್ರಾಹಕರನ್ನು ಸಂಪರ್ಕಿಸಲು ಪ್ರಯತ್ನಿಸಬೇಕು. ಎರಡು ವರ್ಷದೊಳಗಿನ ಮಗು ಇರುವ ಮನೆಗೆ, ವೈದ್ಯಕೀಯ ಯಂತ್ರಕ್ಕೆ ಕರೆಂಟ್ ಬೇಕೇ ಬೇಕಾದವರಿಗೆ, ಆಸರೆಯಿಲ್ಲದ 75 ದಾಟಿದವರಿಗೆ ಬಲವಂತ ಮಾಡುವಂತೆಯೇ ಇಲ್ಲ. ರಾತ್ರಿ ಹೊತ್ತು ಹಣ ಮುಗಿದರೂ ಕತ್ತರಿಸದೆ ಬೆಳಗಿನ ತನಕ ಬಿಡುವ ಪದ್ಧತಿ ಅಲ್ಲಿ ಇದೆ. ತುರ್ತಿಗೆ ಒಂದಿಷ್ಟು ಸಾಲವೂ ಸಿಗುತ್ತದೆ. ಇವೆಲ್ಲ ಮೀಟರಿನಲ್ಲಿ ಸುಲಭವಾಗಿ ಹೊಂದಿಸಬಹುದಾದ ಕೆಲಸಗಳು. ಹೊಂದಿಸದೆ ಬಿಟ್ಟರೆ ಅದು ಯಂತ್ರದ ಮಿತಿಯಲ್ಲ, ಯಾರೋ ತೆಗೆದುಕೊಂಡ ತೀರ್ಮಾನ.

ಹಾಗಂತ ಪ್ರಿಪೇಯ್ಡ್ ಬೇಡವೇ ಬೇಡ ಅನ್ನುವುದೂ ಸರಿಯಲ್ಲ. ದಿನಗೂಲಿಯವರಿಗೆ ತಿಂಗಳ ಕೊನೆಯ ದೊಡ್ಡ ಬಿಲ್ಲಿಗಿಂತ ಆಗಾಗ ಚಿಕ್ಕ ಮೊತ್ತ ಹಾಕುವುದು ಹಗುರ. ಅಂದಾಜಿನ ಮೇಲೆ ಬರೆದ ಬಿಲ್ಲಿನ ಜಗಳ ತಪ್ಪುತ್ತದೆ. ಇವತ್ತು ಎಷ್ಟು ಖರ್ಚಾಯಿತು ಎಂದು ಕಣ್ಣಿಗೆ ಕಾಣುತ್ತದೆ. ತಾವಾಗಿ ಬಯಸಿದವರಿಗೆ ಕೊಟ್ಟರೆ ಒಳ್ಳೆಯ ಸೌಲಭ್ಯ.

ನನ್ನ ತಕರಾರು ಇರುವುದು ಸರದಿಯ ಬಗ್ಗೆ. ಭಾರತದಲ್ಲಿ 2021ರಲ್ಲಿ ಶುರುವಾದ, ವಿದ್ಯುತ್ ಹಂಚುವ ಕಂಪನಿಗಳನ್ನು ಸುಧಾರಿಸುವ ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆ ಕೃಷಿ ಬಿಟ್ಟು ಉಳಿದವರಿಗೆ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇಟ್ಟುಕೊಂಡಿತು. ಸರ್ಕಾರಿ ಕಚೇರಿಗಳನ್ನೂ ಮೊದಲ ಹಂತದಲ್ಲೇ ಸೇರಿಸಿತು. ಕಾಗದದ ಮೇಲೆ ಇದು ಸರಿಯಾದ ಕ್ರಮ, ಏಕೆಂದರೆ ಇಲಾಖೆಗಳ ಬಾಕಿ ಮತ್ತು ಸಮಯಕ್ಕೆ ಬಾರದ ಸಬ್ಸಿಡಿ ಹಣ ಈ ಕಂಪನಿಗಳಿಗೆ ಹಳೆಯ ಕಾಯಿಲೆ. ಜೊತೆಗೆ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ, ನೂರಕ್ಕೆ ನೂರು ಮುಂಗಡ ಬಂದರೂ ಯೂನಿಟ್ ಯೂನಿಟ್ಟಿಗೂ ನಷ್ಟವೇ ಅಲ್ವಾ? ಆದ್ದರಿಂದ ಮನೆಗಳ ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಕಂಪನಿ ಮೂರು ಲೆಕ್ಕಗಳನ್ನು ಜನರ ಮುಂದೆ ಇಡಬೇಕು: ಬಾಕಿಯಲ್ಲಿ ಮನೆಗಳ ಪಾಲೆಷ್ಟು, ಇಲಾಖೆಗಳ ಪಾಲೆಷ್ಟು, ಹಣವಿಲ್ಲದೆ ಎಷ್ಟು ಮನೆಗಳು ಎಷ್ಟು ಗಂಟೆ ಕತ್ತಲಲ್ಲಿ ಕಳೆದವು. ಮೂರನೆಯದನ್ನು ಸ್ಮಾರ್ಟ್ ಮೀಟರಿನ ದಾಖಲೆಯಿಂದಲೇ ತೆಗೆಯಬಹುದು.