ಉಕ್ಕಿನ ಕೊಳವೆಯಾಚೆಗಿನ ಎಣಿಕೆ

ಬಾವಿ ಕೊರೆದ ಮಾತ್ರಕ್ಕೆ ನೆಲದೊಳಗೆ ಏನಿದೆ ಎಂಬುದು ತಿಳಿದುಬಿಡುವುದಿಲ್ಲ. ಬೈರಿಗೆಯ ಬಾಯಿಗೆ ಸಿಕ್ಕ ಕಲ್ಲು ಪುಡಿಯಾಗಿ, ಕೆಸರುನೀರಿನ ಜೊತೆ ಎರಡು ಮೂರು ಕಿಲೋಮೀಟರ್ ಮೇಲೇರಿ ಬರುವಷ್ಟರಲ್ಲಿ ಯಾವ ಚೂರು ಯಾವ ಆಳದ್ದು ಎಂದು ಹೇಳುವುದು ಕಷ್ಟ. ಕಲ್ಲನ್ನು ಇಡಿಯಾಗಿ ಕಂಬದಂತೆ ಕೊರೆದು ತೆಗೆಯಬಹುದು ನಿಜ. ಆದರೆ ಅದಕ್ಕೆ ತಗಲುವ ಹಣ ಮತ್ತು ಸಮಯವನ್ನು ನೆನೆದು ತೈಲದವರು ಆ ದಾರಿಗೆ ಬೇಕಾದಲ್ಲಿ ಮಾತ್ರ ಹೋಗುತ್ತಾರೆ.

1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ ಶ್ಲಂಬರ್ಗರ್ ಸಹೋದರರ ತಂಡ ಬೇರೊಂದು ಉಪಾಯ ಹೂಡಿತು. ಬಾವಿಯೊಳಗೆ ತಂತಿ ಇಳಿಬಿಟ್ಟು, ಸುತ್ತಲಿನ ಕಲ್ಲು ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ ಎಂದು ಆಳ ಆಳಕ್ಕೂ ಅಳೆದರು. ಬಾವಿಯ ಲಾಗಿಂಗ್, ಅಂದರೆ ಆಳ ಆಳದ ಅಳತೆಯನ್ನು ದಾಖಲಿಸುವ ವಿದ್ಯೆ, ಹುಟ್ಟಿದ್ದು ಹೀಗೆ. ಆದರೆ ಈ ವಿದ್ಯೆಗೆ ಬರಿಗೋಡೆಯ ಬಾವಿಯೇ ಬೇಕಿತ್ತು. ಒಳಗೆ ಉಕ್ಕಿನ ಕೊಳವೆ, ಅಂದರೆ ಕೇಸಿಂಗ್, ಇಳಿಸಿ ಸಿಮೆಂಟ್ ತುಂಬಿದ ಮೇಲೆ ವಿದ್ಯುತ್ತು ಉಕ್ಕಿನಲ್ಲೇ ಹರಿದುಹೋಗುತ್ತಿತ್ತು. ಲಾಗಿಂಗ್ ಬರುವ ಮೊದಲೇ ಕೊರೆದು ಕೊಳವೆ ಹಾಕಿದ್ದ ಬಾವಿಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಎಣ್ಣೆಯಿರುವ ಪದರವನ್ನು ಯಾರೂ ಗಮನಿಸದೆ ಬಿಟ್ಟಿದ್ದರೆ ಅದು ಉಕ್ಕಿನ ಹಿಂದೆ ಹಾಗೆಯೇ ಉಳಿದಿತ್ತು.

ಉಕ್ಕನ್ನು ದಾಟಿ ಬರಬಲ್ಲ ಸುದ್ದಿ ಕಲ್ಲಿನಿಂದ ಮೊದಲೇ ಹೊರಡುತ್ತಿತ್ತು. ಬೆಕೆರೆಲ್ ವಿಕಿರಣಶೀಲತೆಯನ್ನು ಕಂಡ ಹತ್ತು ವರ್ಷಕ್ಕೆ, 1906ರಲ್ಲಿ, ಇಂಗ್ಲೆಂಡಿನ ಭೌತವಿಜ್ಞಾನಿ ಸ್ಟ್ರಟ್ ಸಾಮಾನ್ಯ ಕಲ್ಲುಗಳಲ್ಲೂ ರೇಡಿಯಂ ಇದೆ ಎಂದು ಅಳೆದು ತೋರಿಸಿದ್ದರು. ಕಲ್ಲಿನ ಈ ವಿಕಿರಣಕ್ಕೆ ಮುಖ್ಯ ಕಾರಣ ಮೂರು ಧಾತುಗಳು: ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ. ಇವುಗಳಲ್ಲಿ ಪೊಟ್ಯಾಸಿಯಂನದು ಬಡ ದನಿ. ಅದರ ಪರಮಾಣುಗಳಲ್ಲಿ ವಿಕಿರಣಶೀಲವಾದವು ಹತ್ತು ಸಾವಿರಕ್ಕೆ ಒಂದರಷ್ಟು, ಒಂದು ಗ್ರಾಂನಿಂದ ಸೆಕೆಂಡಿಗೆ ಹೊರಡುವ ಗಾಮಾ ಕಿರಣಗಳು, ಅಂದರೆ ಉಕ್ಕನ್ನೂ ದಾಟಬಲ್ಲ ವಿಕಿರಣ, ಸುಮಾರು ಮೂರು. ಆದರೆ ಕಲ್ಲಿನಲ್ಲಿ ಪೊಟ್ಯಾಸಿಯಂ ಧಾರಾಳ. ಉಳಿದೆರಡು ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲಿದ್ದರೂ ಕೂಗು ಜೋರು.

ಭೂವಿಜ್ಞಾನಿಗಳಿಗೆ ಒಲಿದ ಅದೃಷ್ಟವೆಂದರೆ ಇವು ಮೂರೂ ಜೇಡಿಯನ್ನು ಇಷ್ಟಪಡುತ್ತವೆ. ಪೊಟ್ಯಾಸಿಯಂ ಜೇಡಿಯ ಖನಿಜಗಳ ಮೈಯಲ್ಲೇ ಇದೆ, ಥೋರಿಯಂ ಅದಕ್ಕೆ ಅಂಟಿಕೊಳ್ಳುತ್ತದೆ, ಯುರೇನಿಯಂ ಜೇಡಿಯ ಜೊತೆ ಕೊಳೆತು ಸೇರಿದ ಜೈವಿಕ ವಸ್ತುವಿನ ಬಳಿ ಸಂಗ್ರಹವಾಗುತ್ತದೆ. ಹಾಗಾಗಿ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುವ ಜೇಡಿಕಲ್ಲು, ಅಂದರೆ ಶೇಲ್, ಹೆಚ್ಚು ವಿಕಿರಣ ಸೂಸುತ್ತದೆ. ಎಣ್ಣೆ, ನೀರು ತುಂಬಿಕೊಳ್ಳಬಲ್ಲ ಶುದ್ಧ ಮರಳುಗಲ್ಲು, ಸುಣ್ಣಕಲ್ಲು ಹೆಚ್ಚುಕಡಿಮೆ ಮೌನವಾಗಿರುತ್ತವೆ.

1939ರಲ್ಲಿ ಹೋವೆಲ್ ಮತ್ತು ಫ್ರಾಶ್ ಎಂಬ ಇಬ್ಬರು ಅಮೆರಿಕದಲ್ಲಿ ಗಾಮಾ ಲಾಗಿಂಗ್ ಕುರಿತ ಪ್ರಬಂಧ ಪ್ರಕಟಿಸಿದರು. ಅದರ ಬೆನ್ನಿಗೇ ಒಕ್ಲಹೋಮದ ಟಲ್ಸಾದಲ್ಲಿ ವೆಲ್ ಸರ್ವೇಸ್ ಕಂಪನಿ ಅದನ್ನು ವ್ಯವಹಾರವಾಗಿಸಿತು. ಭೌತವಿಜ್ಞಾನಿ ಫರ್ಮಿಯ ಶಿಷ್ಯ ಬ್ರೂನೊ ಪಾಂಟೆಕೋರ್ವೊ 1940ರಲ್ಲಿ ಪ್ಯಾರಿಸ್‌ನಿಂದ ನಾಜಿಗಳಿಗೆ ತಪ್ಪಿಸಿಕೊಂಡು ಬಂದು ಕೆಲಸಕ್ಕೆ ಸೇರಿದ್ದು ಇದೇ ಕಂಪನಿಗೆ. ಕಲ್ಲು ತಾನಾಗಿ ಸೂಸಿದ್ದನ್ನು ಎಣಿಸುವುದಷ್ಟೇ ಏಕೆ, ನಾವೇ ನ್ಯೂಟ್ರಾನ್ ಹೊಡೆದು ಕಲ್ಲಿನ ಉತ್ತರ ಕೇಳೋಣ ಎಂಬ ದಾರಿಯನ್ನು ಅವರು 1941ರಲ್ಲಿ ತೋರಿಸಿದರು. (ಇದೇ ಮನುಷ್ಯ 1950ರಲ್ಲಿ ಸದ್ದಿಲ್ಲದೆ ಸೋವಿಯತ್ ಒಕ್ಕೂಟಕ್ಕೆ ಹೊರಟುಹೋದದ್ದು ಬೇರೆಯದೇ ಕಥೆ.)

ಕೆಲಸ ನಡೆಯುವ ಬಗೆ ಸರಳ. ಉಪಕರಣವನ್ನು ಮೊದಲು ತಳಕ್ಕೆ ಬಿಡುತ್ತಾರೆ, ಅಳತೆ ಮಾಡುವುದು ಮೇಲೆ ಎಳೆಯುವಾಗ. ಆಗ ಕೇಬಲ್ ಬಿಗಿಯಾಗಿರುತ್ತದೆ, ಆಳದ ಲೆಕ್ಕ ತಪ್ಪುವುದಿಲ್ಲ. ಉಪಕರಣಕ್ಕೆ ಕೇಳಿಸುವುದು ಸುತ್ತಲಿನ ಸುಮಾರು ಒಂದಡಿ ದಪ್ಪದ ಕಲ್ಲು ಮಾತ್ರ. ಕೇಸಿಂಗ್ ಇದ್ದರೆ ಎಣಿಕೆ ತಗ್ಗುತ್ತದೆ, ಆದರೆ ಆಳದುದ್ದಕ್ಕೂ ಎಣಿಕೆಯನ್ನು ತೋರಿಸುವ ಗೆರೆಯ ಏರಿಳಿತ ಹಾಗೆಯೇ ಉಳಿಯುತ್ತದೆ. ಅವಸರ ಮಾತ್ರ ಸಲ್ಲದು. ವಿಕಿರಣ ತಾಳಕ್ಕೆ ಸರಿಯಾಗಿ ಬರುವುದಿಲ್ಲ. ನೂರು ಎಣಿಸಿದ ಕಡೆ ಮತ್ತೆ ಎಣಿಸಿದರೆ ತೊಂಬತ್ತೋ ನೂರಹತ್ತೋ ಬರಬಹುದು. ಅದಕ್ಕೇ ಗಂಟೆಗೆ 1,800 ಅಡಿಯಷ್ಟು ನಿಧಾನವಾಗಿ ಎಳೆಯುವ ರೂಢಿ ಬಂತು. ವಿಕಿರಣ ಎಣಿಸಲು ಮೊದಲು ಬಳಸಿದ ಗೈಗರ್ ಕೌಂಟರುಗಳು ತಮ್ಮತ್ತ ಬಂದ ಗಾಮಾ ಕಿರಣಗಳಲ್ಲಿ ಬಹುಪಾಲನ್ನು ಹಿಡಿಯದೆ ಬಿಡುತ್ತಿದ್ದವು. 1948ರಲ್ಲಿ ಹಾಫ್‌ಸ್ಟಾಡ್ಟರ್ ರೂಪಿಸಿದ ಸೋಡಿಯಂ ಅಯೊಡೈಡ್ ಹರಳು ಬಂದ ಮೇಲೆ ಆ ಕೊರತೆ ಬಹಳಷ್ಟು ನೀಗಿತು.

ಇನ್ನೊಂದು ತೊಡಕು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಒಂದೊಂದು ಕಂಪನಿಯ ಉಪಕರಣ ಒಂದೊಂದು ಸಂಖ್ಯೆ ಹೇಳುತ್ತಿತ್ತು. ಅಕ್ಕಪಕ್ಕದ ಬಾವಿಗಳನ್ನು ಇಬ್ಬರು ಅಳೆದರೆ ಹೋಲಿಸುವ ಹಾಗಿರಲಿಲ್ಲ. 1959ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಗುಂಡಿ ತೋಡಿಸಿ ಕಾಂಕ್ರೀಟ್ ತುಂಬಿಸಿತು. ಕೆಳಗೆ ಮತ್ತು ಮೇಲೆ ಸಪ್ಪೆ ಕಾಂಕ್ರೀಟ್, ನಡುವೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಬೆರೆಸಿದ ‘ಬಿಸಿ’, ಅಂದರೆ ವಿಕಿರಣ ಸೂಸುವ, ಕಾಂಕ್ರೀಟ್. ಎರಡರ ನಡುವಿನ ವ್ಯತ್ಯಾಸವೇ 200 ಎಪಿಐ ಮಾನ ಎಂದು ನಿರ್ಧಾರವಾಯಿತು. ಸಾಧಾರಣ ಶೇಲ್‌ನ ಎರಡರಷ್ಟಿರಲಿ ಎಂಬ ಅಂದಾಜಿನಲ್ಲಿ ಮಾಡಿದ ಮಿಶ್ರಣವದು. ಇಂದಿಗೂ ಶೇಲ್ ನೂರರ ಆಸುಪಾಸು ಎಂದು ಓದುವವರೆಲ್ಲ ಆ ಗುಂಡಿಯ ಋಣದಲ್ಲಿದ್ದಾರೆ.

ಮಾನ ಒಂದಾದರೂ ಗೆರೆಯ ಅರ್ಥ ಒಂದಾಗಲಿಲ್ಲ. ಲಾಗ್ ಓದುವವರು ಗಾಮಾ ಗೆರೆಯನ್ನು ಶೇಲ್ ಗೆರೆ ಎಂದೇ ಕರೆಯತೊಡಗಿದ್ದರು. ಅದು ಎಣಿಸುವುದು ವಿಕಿರಣವನ್ನೇ ಹೊರತು ಜೇಡಿಯನ್ನಲ್ಲ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜ ತುಂಬಿದ ಮರಳುಗಲ್ಲು ಒಳ್ಳೆಯ ತೈಲಪದರವಾಗಿದ್ದರೂ ಗೆರೆಯಲ್ಲಿ ಶೇಲ್‌ನ ವೇಷ ಹಾಕಿ ನಿಲ್ಲುತ್ತದೆ. ಕೊರೆಯಲು ಬಳಸಿದ ಕೆಸರಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ಇಡೀ ಗೆರೆಯೇ ಏರುತ್ತದೆ. 1970ರ ದಶಕದಲ್ಲಿ ರೂಢಿಗೆ ಬಂದ ಸ್ಪೆಕ್ಟ್ರಲ್ ಗಾಮಾ ಲಾಗ್ ಕಿರಣಗಳನ್ನು ಶಕ್ತಿಯ ಮೇಲೆ ವಿಂಗಡಿಸಿ, ಯಾವ ಧಾತುವಿನದು ಎಷ್ಟು ಎಂದು ಬೇರೆ ಬೇರೆ ತೋರಿಸಿತು. ಕಿರಣದ ಶಕ್ತಿಯನ್ನು ಅಳೆಯುವ ಎಂಇವಿ ಮಾನದಲ್ಲಿ ಪೊಟ್ಯಾಸಿಯಂನ ಗುರುತು 1.46, ಯುರೇನಿಯಂ ಸರಣಿಯದು 1.76, ಥೋರಿಯಂ ಸರಣಿಯದು 2.61.

ಯುರೇನಿಯಂ ಹುಡುಕುವವರಿಗೆ ಇದೂ ಸಾಲಲಿಲ್ಲ. ಆ 1.76ರ ಕಿರಣ ಬರುವುದು ಯುರೇನಿಯಂನಿಂದಲ್ಲ, ಅದು ಕ್ಷಯಿಸುತ್ತಾ ಹುಟ್ಟಿಸುವ ಧಾತುಗಳ ಸಂತತಿಯಲ್ಲಿ ಎಷ್ಟೋ ತಲೆಮಾರು ಕೆಳಗಿರುವ ಬಿಸ್ಮತ್-214ರಿಂದ. ಸಂತತಿ ಪೂರ್ತಿ ಬೆಳೆದು ಸಮತೋಲಕ್ಕೆ ಬರಲು ಹತ್ತು ಲಕ್ಷ ವರ್ಷಕ್ಕೂ ಮೇಲೆ ಬೇಕು. ಮರಳುಗಲ್ಲಿನೊಳಗೆ ಆಮ್ಲಜನಕವುಳ್ಳ ನೀರು ಹರಿಯುವಲ್ಲಿ ಯುರೇನಿಯಂ ಕರಗಿ ಮುಂದೆ ಸಾಗುತ್ತದೆ, ಅದೇ ಸಂತತಿಯಲ್ಲಿ ಬಿಸ್ಮತ್‌ಗೆ ಪೂರ್ವಜನಾದ ರೇಡಿಯಂ ಹಿಂದೆ ಉಳಿಯುತ್ತದೆ. ಆಗ ಲಾಗ್ ಜೋರಾಗಿ ಕೂಗುವುದು ಅದಿರು ಬಿಟ್ಟುಹೋದ ಜಾಗದಲ್ಲಿ, ಹೊಸದಾಗಿ ಬಂದು ಕೂತ ಜಾಗದಲ್ಲಿ ಪಿಸುಮಾತಷ್ಟೇ. ಆದ್ದರಿಂದ ಇಂಥ ನಿಕ್ಷೇಪಗಳಲ್ಲಿ ಗಾಮಾ ಎಣಿಕೆಯನ್ನು ಕಲ್ಲಿನ ಕಂಬದ ರಾಸಾಯನಿಕ ಪರೀಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಇಲ್ಲವೇ ಬಾವಿಯೊಳಗೆ ನ್ಯೂಟ್ರಾನ್ ಹೊಡೆದು, ಒಡೆದ ಯುರೇನಿಯಂ-235 ಹೊರಸೂಸುವ ನ್ಯೂಟ್ರಾನುಗಳನ್ನೇ ನೇರವಾಗಿ ಎಣಿಸುತ್ತಾರೆ.