‘ಇನ್ ಯೂಟೆರೊ’: ಟೇಪಿಗೆ ಹೋದದ್ದೇನು, ಆಮೇಲೆ ಬದಲಾದದ್ದೇನು

ಅಮೆರಿಕದ ರಾಕ್ ತಂಡ ನಿರ್ವಾಣದ ಮೂರನೇ ಸ್ಟುಡಿಯೊ ಆಲ್ಬಂ ‘ಇನ್ ಯೂಟೆರೊ’ (1993) ಬಗ್ಗೆ ಓದಹೊರಟರೆ ಎಲ್ಲೆಡೆ ಸಿಗುವುದು ಜಗಳದ ಕಥೆ: ಒರಟು ಸದ್ದು, ಗಾಬರಿಬಿದ್ದ ಕಂಪನಿ, ಹಟಮಾರಿ ಎಂಜಿನಿಯರ್. ಕಥೆ ನಿಜವೇ. ಆದರೆ ರೆಕಾರ್ಡಿಂಗ್ ಕಲಿಯುವವರಿಗೆ ಅದಕ್ಕಿಂತ ಬೇಕಾದ ಪ್ರಶ್ನೆ ಇದು: ಧ್ವನಿಮುದ್ರಣವಾದ ಮೇಲೆ ಒಂದು ಆಲ್ಬಮ್ಮನ್ನು ಎಷ್ಟರಮಟ್ಟಿಗೆ ತಿದ್ದಬಹುದು?

ಹಿಂದಿನ ಆಲ್ಬಂ ‘ನೆವರ್‌ಮೈಂಡ್’ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ನಿರ್ಮಾಪಕ ಬುಚ್ ವಿಗ್, ಮಿಕ್ಸ್ (ಬಿಡಿಬಿಡಿಯಾಗಿ ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡಿದವರು ಆಂಡಿ ವಾಲೇಸ್. ತಂಡದ ಗಾಯಕ, ಗಿಟಾರ್ ವಾದಕ ಕರ್ಟ್ ಕೊಬೇನ್ ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸಿದ ದನಿ ಅದರಲ್ಲಿ ಹಲವೆಡೆ ಇದೆ. ಮೈಕಲ್ ಜಾಕ್ಸನ್ ಅವರ ‘ಡೇಂಜರಸ್’ ಅನ್ನು ಕೆಳಗಿಳಿಸಿ, 1992ರ ಜನವರಿಯಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿಯ ತುದಿಗೇರಿತು. ಇಷ್ಟೆಲ್ಲ ಆದ ಮೇಲೆ ಆ ನುಣುಪು ಕೊಬೇನ್ ಅವರಿಗೇ ಒಗ್ಗಲಿಲ್ಲ. ಅವರ ಮೆಚ್ಚಿನ ಎರಡು ಆಲ್ಬಂ, ಪಿಕ್ಸೀಸ್‌ನ ‘ಸರ್ಫರ್ ರೋಸಾ’ ಮತ್ತು ಬ್ರೀಡರ್ಸ್‌ನ ‘ಪಾಡ್’, ಎರಡನ್ನೂ ಮುದ್ರಿಸಿದ್ದು ಎಂಜಿನಿಯರ್ ಸ್ಟೀವ್ ಆಲ್ಬಿನಿ. ಹಾಗಾಗಿ ಅವರಿಗೇ ಕರೆ ಹೋಯಿತು.

ಆಲ್ಬಿನಿ ತಮ್ಮನ್ನು ನಿರ್ಮಾಪಕ ಎಂದು ಕರೆಸಿಕೊಳ್ಳುತ್ತಿರಲಿಲ್ಲ. ಕೆಲಸಕ್ಕೆ ಮೊದಲು ತಂಡಕ್ಕೆ ಬರೆದ ಉದ್ದನೆಯ ಪತ್ರದಲ್ಲಿ, ಪ್ಲಂಬರ್‌ಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು, ಮಾರಾಟದಲ್ಲಿ ಪಾಲು ಬೇಡ ಎಂದರು. ಮೂವತ್ತು ಲಕ್ಷ ಪ್ರತಿ ಮಾರಾಟವಾದರೆ ಪಾಲಿನ ಲೆಕ್ಕದಲ್ಲಿ ಸುಮಾರು 4 ಲಕ್ಷ ಡಾಲರ್ ಬರುತ್ತದೆಂದು ಅವರೇ ಲೆಕ್ಕ ಹಾಕಿ, ಅದನ್ನು ಬಿಟ್ಟುಕೊಟ್ಟರು. ಕೊನೆಗೆ ಪಡೆದದ್ದು ಒಂದೇ ಇಡಿಗಂಟು, 1 ಲಕ್ಷ ಡಾಲರ್.

ಕೋಣೆ ಮತ್ತು ಮೈಕು

ಜಾಗ: ಮಿನೆಸೋಟಾದ ಕ್ಯಾನನ್ ಫಾಲ್ಸ್‌ನಲ್ಲಿರುವ ಪ್ಯಾಕಿಡರ್ಮ್ ಸ್ಟುಡಿಯೊ. ಕಾಲ: 1993ರ ಫೆಬ್ರುವರಿ, ಹೊರಗೆ ಹಿಮ. ಹೆಸರು ಬಯಲಾಗಬಾರದೆಂದು ‘ಸೈಮನ್ ರಿಚಿ ಗ್ರೂಪ್’ ಎಂದು ಬುಕ್ ಮಾಡಿದ್ದರು. (ಸೈಮನ್ ರಿಚಿ ಅಂದರೆ ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಷಸ್‌ನ ನಿಜ ಹೆಸರು. ಪಂಕ್ ಬಲ್ಲವರಿಗೆ ಇದೇನು ಗುಟ್ಟು!) ಮುದ್ರಣ, ಮಿಕ್ಸ್ ಎರಡೂ ಸೇರಿ ಎರಡು ವಾರ.

ಗಿಟಾರ್, ಬಾಸ್, ಡ್ರಮ್ ಮೂರನ್ನೂ ಒಟ್ಟಿಗೇ ನುಡಿಸಿ ಮುದ್ರಿಸಿದರು. ವೇಗದ ಹಾಡುಗಳಾದ ‘ವೆರಿ ಏಪ್’ ಮತ್ತು ‘ಟೂರೆಟ್ಸ್’ಗೆ ಮಾತ್ರ ಡ್ರಮ್ ಅಡುಗೆಮನೆಗೆ ಹೋಯಿತು, ಅಲ್ಲಿನ ಗೋಡೆಗಳ ಅನುರಣನಕ್ಕಾಗಿ. ಡೇವ್ ಗ್ರೋಲ್ ಅವರ ಡ್ರಮ್ ಕಿಟ್ ಸುತ್ತ ಇಟ್ಟದ್ದು ಸುಮಾರು 30 ಮೈಕು. ಸುಮಾರು ಅರ್ಧದಷ್ಟು ಹಾಡುಗಳಿಗೆ ಆಮೇಲೆ ಇನ್ನೊಂದು ಗಿಟಾರ್ ಸೇರಿತು, ಅನಂತರ ಗಿಟಾರ್ ಸೋಲೊ (ಒಂಟಿ ವಾದನ), ಕಟ್ಟಕಡೆಗೆ ಹಾಡುಗಾರಿಕೆ. ಕೊಬೇನ್ ಹಾಡುಗಾರಿಕೆಯನ್ನೆಲ್ಲ ಸುಮಾರು ಆರು ಗಂಟೆಯಲ್ಲಿ ಮುಗಿಸಿದರೆನ್ನುತ್ತಾರೆ.

ಮೂವತ್ತು ಮೈಕು ಎಂದ ಕೂಡಲೇ ನಾವೂ ಇಡೋಣ ಎಂದು ಹೊರಟರೆ ಕೆಡುವುದು ಇಲ್ಲೇ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡು. ಸ್ನೇರ್‌ನಿಂದ (ಕಿಟ್‌ನ ಚುರುಕು ಸದ್ದಿನ ಡ್ರಮ್) ಒಂದು ಮೈಕಿಗಿಂತ ಇನ್ನೊಂದು 34 ಸೆಂ.ಮೀ. ದೂರವಿದ್ದರೆ, ಅದಕ್ಕೆ ಸದ್ದು ಮುಟ್ಟುವುದು 1 ಮಿಲಿಸೆಕೆಂಡು ತಡ. ಎರಡನ್ನೂ ಸಮ ಮಟ್ಟದಲ್ಲಿ ಕೂಡಿಸಿದಿರೋ, 500, 1500, 2500 ಹರ್ಟ್ಸ್‌ಗಳಲ್ಲಿ ಒಂದರ ಅಲೆ ಇನ್ನೊಂದನ್ನು ನುಂಗಿಹಾಕುತ್ತದೆ. ಸ್ನೇರ್ ತೆಳುವಾಗಿ, ಡಬ್ಬಿ ಬಡಿದ ಹಾಗೆ ಕೇಳುತ್ತದೆ. ಆಗ ಆವರ್ತನಗಳನ್ನು ಏರಿಳಿಸುವ ಈಕ್ವಲೈಸರ್‌ಗೆ ಕೈಹಾಕಬೇಡಿ. ನುಂಗಿಹೋದ ಆವರ್ತನ ಹೆಚ್ಚಿಸಿದರೂ ವಾಪಸ್ ಬರದು. ಮೊದಲು ಮಾನೋದಲ್ಲಿ (ಎಡ-ಬಲ ಒಂದಾಗಿಸಿ) ಕೇಳಿ, ಒಂದು ಮೈಕಿನ ಅಲೆಯನ್ನು ತಲೆಕೆಳಗು ಮಾಡುವ ಪೊಲ್ಯಾರಿಟಿ ಗುಂಡಿ ಒತ್ತಿ ನೋಡಿ. ದಪ್ಪ ಮರಳಿದರೆ ಸರಿ. ಮರಳದಿದ್ದರೆ ಮೈಕನ್ನೇ ಒಂದೆರಡು ಇಂಚು ಸರಿಸಿ.

ಕೋಣೆಯ ಮೈಕುಗಳಿಗೆ 10ರಿಂದ 20 ಮಿಲಿಸೆಕೆಂಡು ಬೇಕೆಂದೇ ತಡ ಕೊಡುವುದು ಆಲ್ಬಿನಿಯವರ ರೂಢಿಗಳಲ್ಲೊಂದಾಗಿತ್ತು. 15 ಮಿಲಿಸೆಕೆಂಡು ತಡವೆಂದರೆ ಮೈಕನ್ನು 5 ಮೀಟರ್ ಹಿಂದಕ್ಕೆ ಒಯ್ದಷ್ಟು. ಕೋಣೆ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳುತ್ತದೆ, ಏಟಿನ ಮೊನೆ ಮಾತ್ರ ಹತ್ತಿರದ ಮೈಕಿನಲ್ಲಿ ಹಾಗೇ ಉಳಿಯುತ್ತದೆ. ಮನೆಯಲ್ಲಿ ಎರಡೇ ಮೈಕಿಟ್ಟುಕೊಂಡೂ ಇದನ್ನು ಮಾಡಿ ನೋಡಬಹುದು.

ತಗಾದೆ

ಮಿಕ್ಸ್ ಐದು ದಿನದಲ್ಲಿ ಮುಗಿಯಿತು. ತಂಡಕ್ಕೆ ಮೊದಲು ಹಿಡಿಸಿತು. ಆಲ್ಬಂ ಹೊರತರಬೇಕಿದ್ದ ಡಿಜಿಸಿ-ಗೆಫೆನ್ ಕಂಪನಿಯವರಿಗೆ ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ಆಲ್ಬಿನಿ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆಗೆ, ಇದು ಬಿಡುಗಡೆಯಾಗುವುದೇ ಅನುಮಾನ ಎಂದರು. ‘ನ್ಯೂಸ್‌ವೀಕ್’ ಕೂಡ ಅದನ್ನೇ ಬರೆದಾಗ, ಕಂಪನಿ ನಮ್ಮನ್ನು ಒತ್ತಾಯಿಸುತ್ತಿಲ್ಲ ಎಂದು ತಂಡವೇ ಪತ್ರ ಬರೆದು, ಅದನ್ನು ‘ಬಿಲ್‌ಬೋರ್ಡ್’ನಲ್ಲಿ ಪುಟತುಂಬ ಜಾಹೀರಾತಾಗಿ ಹಾಕಿಸಿತು.

ಅಷ್ಟರಲ್ಲಿ ತಂಡಕ್ಕೇ ಬಾಸ್ ಮತ್ತು ದನಿಯ ಬಗ್ಗೆ ಅತೃಪ್ತಿ ಹುಟ್ಟಿತ್ತು. ಬಾಸ್ ಮಸುಕು, ದನಿ ಗಿಟಾರಿನ ಹಿಂದೆ. ಮತ್ತೆ ಮಿಕ್ಸ್ ಮಾಡಿ ಎಂದು ಕೇಳಿದರೆ, ಇದಕ್ಕಿಂತ ಚೆನ್ನಾಗಿ ತನ್ನಿಂದಾಗದು ಎಂದು ಆಲ್ಬಿನಿ ಒಪ್ಪಲಿಲ್ಲ. ಆಮೇಲೆ ಬದಲಾದದ್ದು ಎರಡು ಹಂತದಲ್ಲಿ. ಮೊದಲನೆಯದು ಬಾಬ್ ಲುಡ್‌ವಿಗ್ ಅವರ ಮಾಸ್ಟರಿಂಗ್ (ಮಿಕ್ಸ್ ಮುಗಿದ ಹಾಡುಗಳಿಗೆ ಕೊನೆಯ ಹದ ಕೊಡುವ ಕೆಲಸ): ಬಾಸ್ ಸ್ಪಷ್ಟವಾಯಿತು, ದನಿ ಮುಂದೆ ಬಂತು. ಆದರೆ ಮಾಸ್ಟರಿಂಗ್‌ಗೆ ಬರುವುದು ಎಡ-ಬಲ ಎರಡೇ ಟ್ರ್ಯಾಕು. ದನಿ ಎತ್ತಲೆಂದು 2 ಕಿಲೋಹರ್ಟ್ಸ್ ಸುತ್ತ ಹೆಚ್ಚಿಸಿದರೆ ಅಲ್ಲೇ ಇರುವ ಗಿಟಾರು, ಸ್ನೇರೂ ಜೊತೆಗೆ ಏಳುತ್ತವೆ. ದನಿಯೊಂದನ್ನೇ ಎತ್ತಬೇಕೆಂದರೆ, ಒಂದೊಂದು ಸದ್ದೂ ಬೇರೆಬೇರೆಯಾಗಿರುವ ಮಲ್ಟಿಟ್ರ್ಯಾಕ್ ಟೇಪಿಗೇ ಮರಳಬೇಕು.

ಎರಡನೇ ಹಂತ ಅದೇ. ಆರ್.ಇ.ಎಂ. ತಂಡದೊಂದಿಗೆ ದುಡಿದಿದ್ದ ಸ್ಕಾಟ್ ಲಿಟ್ ಅವರು ಮೇ ತಿಂಗಳಲ್ಲಿ ಸಿಯಾಟಲ್‌ನ ಬ್ಯಾಡ್ ಆ್ಯನಿಮಲ್ಸ್ ಸ್ಟುಡಿಯೊದಲ್ಲಿ ‘ಹಾರ್ಟ್-ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದರು. ಮೊದಲನೆಯದಕ್ಕೆ ಕೊಬೇನ್ ಅಕೂಸ್ಟಿಕ್ ಗಿಟಾರು, ಜೊತೆದನಿ ಸೇರಿಸಿದರು. ಉಳಿದ ಹತ್ತು ಹಾಡು ಆಲ್ಬಿನಿ ಮಿಕ್ಸ್‌ನಲ್ಲೇ ಹೊರಬಂದವು. ಕೋಣೆಯ ಸದ್ದು ಟೇಪಿನಲ್ಲೇ ಕೂತಿದ್ದರಿಂದ ಲಿಟ್ ಮಿಕ್ಸ್ ಆದ ಎರಡರಲ್ಲೂ ಡ್ರಮ್ ಅದೇ ಡ್ರಮ್ಮೇ. ಆಲ್ಬಿನಿಗೆ ದ್ರೋಹವಾಯಿತು ಎನ್ನುವವರ ಮಾತು ಅತಿಯಾಯಿತೆಂದು ನನಗನ್ನಿಸುವುದು ಇದಕ್ಕೇ.

ಅಮೆರಿಕದಲ್ಲಿ ಸೆಪ್ಟೆಂಬರ್ 21ಕ್ಕೆ ಬಿಡುಗಡೆ. ಮೊದಲ ವಾರವೇ ಸುಮಾರು 1,80,000 ಪ್ರತಿ, ಪಟ್ಟಿಯಲ್ಲಿ ನೇರ ಒಂದನೇ ಸ್ಥಾನ. ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ಮಳಿಗೆಗಳು ಮಾತ್ರ ಇಡಲಿಲ್ಲ. 1994ರ ಮಾರ್ಚ್‌ನಲ್ಲಿ ಅವರಿಗೆಂದೇ ಹೊದಿಕೆಯ ಹಿಂಬದಿಯ ಚಿತ್ರ ತಿದ್ದಿ, ‘ರೇಪ್ ಮಿ’ ಹಾಡಿನ ಹೆಸರನ್ನು ‘ವೇಫ್ ಮಿ’ ಎಂದು ಬದಲಿಸಿದ ಪ್ರತಿ ಬಂತು. ಹಾಡು ಬದಲಾಗಲಿಲ್ಲ, ಮುದ್ರಿತ ಹೆಸರಷ್ಟೇ.

ಕೇಳುವ ಅಭ್ಯಾಸ

2013ರ ಇಪ್ಪತ್ತನೇ ವರ್ಷದ ಆವೃತ್ತಿಯಲ್ಲಿ ಆ ಎರಡು ಹಾಡುಗಳ ಆಲ್ಬಿನಿ ಮಿಕ್ಸೂ ಇದೆ. ‘ಹಾರ್ಟ್-ಶೇಪ್ಡ್ ಬಾಕ್ಸ್’ ಎರಡನ್ನೂ ಹಾಕಿ ಸೋಲೊಗೆ ಹೋಗಿ. ಆಲ್ಬಿನಿಯದರಲ್ಲಿ ಗಿಟಾರಿನ ಮೇಲೆ ಕಲಕಿದಂಥ ಎಫೆಕ್ಟ್ ಇದೆ. ಬಾಸ್ ನುಡಿಸಿದ ಕ್ರಿಸ್ಟ್ ನೊವೊಸೆಲಿಕ್ ಅದನ್ನು ಕಟುವಾಗಿ ವಿರೋಧಿಸಿದ್ದರು. ಲಿಟ್ ಮಿಕ್ಸ್‌ನಲ್ಲಿ ಅದಿಲ್ಲ. ಆಮೇಲೆ ಪಲ್ಲವಿಯಲ್ಲಿ ಜೊತೆದನಿ ಎಲ್ಲಿ ಸೇರುತ್ತದೆ ಎಂದು ಹುಡುಕಿ. ಹೋಲಿಸುವ ಮುಂಚೆ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನ ಎಂದುಬಿಡುತ್ತದೆ.