ಬಟನ್ ಒತ್ತುವ ಮುನ್ನ ಎರಡು ನಿಮಿಷ ನಿಲ್ಲಿ

"ಸಾರ್, ಮೆಷಿನ್ ಕೆಟ್ಟಿದೆ."

ಸರ್ವೆ ಕೆಲಸದಲ್ಲೇ ಕೂದಲು ಬೆಳ್ಳಗಾಗಿ, ಈಗ ಹೊಸಬರಿಗೆ ಕೈ ಜಿಪಿಎಸ್ ಬಳಸುವುದನ್ನು ಹೇಳಿಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಾಮಾನ್ಯವಾಗಿ ಮೆಷಿನ್ ಕೆಟ್ಟಿರುವುದಿಲ್ಲ. ತನಗೆ ಹೇಳಿದ ಜಾಗಕ್ಕೇ ಅದು ನಿಮ್ಮನ್ನು ಕರೆದುಕೊಂಡು ಹೋಗಿರುತ್ತದೆ. ಹೇಳಿದ ಜಾಗವೇ ತಪ್ಪು. ಅದೂ ಈವತ್ತು ಆದ ತಪ್ಪಲ್ಲ. ಆರು ತಿಂಗಳ ಹಿಂದೆ, ವರ್ಷದ ಹಿಂದೆ, ಗುರುತು ಮಾಡಿದ ದಿನವೇ, ಅಂದರೆ ಬಟನ್ ಒತ್ತಿ ಆ ಜಾಗವನ್ನು ಮೆಷಿನ್‌ನಲ್ಲಿ ಉಳಿಸಿದ ದಿನವೇ ಆಗಿಹೋದ ತಪ್ಪು.

ಒಂದು ಸಲ ನಾವು ಐದು ಜನ ಒಂದು ಕಬ್ಬಿಣದ ಗೂಟ ಹುಡುಕಲು ಹೋಗಿದ್ದೆವು. ಒಂದು ವರ್ಷದ ಹಿಂದೆ ಹೊಡೆದ ಗೂಟ. ತಲೆ ಮಾತ್ರ ನೆಲದಿಂದ ಎರಡು ಬೆರಳಿನಷ್ಟು ಮೇಲಿತ್ತು. ಈಗ ಅಲ್ಲೆಲ್ಲ ಸೊಂಟದೆತ್ತರ ಹುಲ್ಲು. ಪರದೆ ನೋಡುತ್ತಾ ನಡೆದೆವು. 20 ಮೀಟರ್, 8 ಮೀಟರ್, 3 ಮೀಟರ್, ಸೊನ್ನೆ. ಗೂಟ ಇಲ್ಲ. ಮಣ್ಣು ಮುಚ್ಚಿರಬೇಕು ಅಂತ ಅಗೆಯಲು ಶುರುಮಾಡಿದೆವು. ಒಂದು ಗುಂಡಿ, ಎರಡು ಗುಂಡಿ, ಆಮೇಲೆ ಎಣಿಸುವುದನ್ನೇ ಬಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಆ ಜಾಗ ಹಂದಿ ಕೆದರಿದ ಗದ್ದೆಯ ಹಾಗಾಗಿತ್ತು. ಸಂಜೆ ಒಬ್ಬ ಬೇಸರದಿಂದ ಆ ಕಡೆ ನಡೆದುಹೋಗುತ್ತಿದ್ದವನು "ಅಯ್ಯೋ" ಅಂತ ಕಾಲು ಹಿಡಿದು ಕೂತ. ಹೆಬ್ಬೆರಳಿಗೆ ಗೂಟ ತಗುಲಿತ್ತು. ಟೇಪು ಹಿಡಿದು ನೋಡಿದೆ. ನಾವು ಅಗೆದ ಜಾಗದಿಂದ 38 ಮೀಟರ್ ದೂರ.

ಅಂದು ಗುರುತು ಮಾಡಿದ್ದ ಹುಡುಗ ನಮ್ಮ ಜೊತೆಗೇ ಇದ್ದ. "ಹೇಗಪ್ಪಾ ಮಾಡಿದ್ದೆ?" ಅಂದೆ.

"ಗೂಟ ಹೊಡೆದಾಯ್ತು ಸಾರ್. ಜೇಬಿಂದ ತೆಗೆದೆ, ಆನ್ ಮಾಡಿದೆ, ಜಾಗ ಬಂತು, ಒತ್ತಿದೆ, ಮತ್ತೆ ಜೇಬಿಗೆ ಹಾಕಿಕೊಂಡೆ."

ಎಷ್ಟು ಚುರುಕಾಗಿ ಮುಗಿಸಿದೆ ಎಂಬ ಹೆಮ್ಮೆ ಅವನ ದನಿಯಲ್ಲಿತ್ತು. ಒಂದು ಪಕ್ಕದಲ್ಲಿ ಎತ್ತರದ ಬಂಡೆ, ತಲೆಯ ಮೇಲೆ ದಟ್ಟ ಮರ. ಅಂಥ ಜಾಗದಲ್ಲಿ ಅರ್ಧ ನಿಮಿಷವೂ ನಿಲ್ಲದೆ ಒತ್ತಿದ್ದಾನೆ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಒಳ್ಳೆಯ ಕೆಲಸಗಾರ. ನಿಲ್ಲಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಜನ ಇದನ್ನು ಕ್ಯಾಮೆರಾ ಅಂದುಕೊಂಡಿದ್ದಾರೆ. ಒತ್ತಿದ ಕ್ಷಣ ಕಣ್ಣೆದುರು ಇದ್ದದ್ದು ದಾಖಲಾಗಿಬಿಡುತ್ತದೆ ಅಂತ. ಜಿಪಿಎಸ್ ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳು "ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ" ಅಂತ ಹೇಳುತ್ತಲೇ ಇರುತ್ತವೆ. ಅದೂ ಬಹಳ ನಿಧಾನ, ಸೆಕೆಂಡಿಗೆ 50 ಬಿಟ್ ಮಾತ್ರ. ಒಂದು ಉಪಗ್ರಹ ತನ್ನ ಕಕ್ಷೆಯ ಪೂರ್ತಿ ವಿವರ ಹೇಳಿ ಮುಗಿಸುವ ಸುತ್ತು 30 ಸೆಕೆಂಡಿನದು. ಮಧ್ಯೆ ನೀವು ಮರದ ಕೆಳಗೆ ಹೋಗಿ ಒಂದು ತುಂಡು ಕೇಳಿಸದೇ ಹೋಯಿತೋ, ಆ ತುಂಡು ಮತ್ತೆ ಬರುವವರೆಗೆ ಕಾಯಬೇಕು. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಬರಲು 12.5 ನಿಮಿಷ ಬೇಕು. ಅಷ್ಟು ಹೊತ್ತು ನೀವು ಕಾಯಬೇಕಿಲ್ಲ, ಅದು ಮೆಷಿನ್‌ನೊಳಗೆ ಮೊದಲೇ ಉಳಿದಿರುತ್ತದೆ. ಆದರೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ಮೆಷಿನ್ ಎದ್ದ ತಕ್ಷಣ ಚುರುಕಾಗಿರಲಿ ಅಂದರೆ ಹೇಗೆ?

ಮಾತು ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಪ್ರತಿ ಉಪಗ್ರಹ ಎಷ್ಟು ದೂರ ಅಂತ ಮೆಷಿನ್ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಸಾಕು, ಆ ದೂರಗಳು ಸೇರುವ ಒಂದು ಜಾಗ ತೋರಿಸಿಬಿಡುತ್ತದೆ. ಎಡವಟ್ಟಾಗುವುದು ಇಲ್ಲೇ. ಶಾಲೆಯಲ್ಲಿ ಕೈವಾರದಿಂದ ಕಮಾನು ಎಳೆದದ್ದು ನೆನಪಿದೆಯಾ? ಎರಡು ಕಮಾನು ಅಡ್ಡಡ್ಡ ಕತ್ತರಿಸಿದರೆ ಸೇರುವ ಚುಕ್ಕೆ ಚೊಕ್ಕವಾಗಿರುತ್ತದೆ. ಒಂದರ ಮೈಮೇಲೆ ಒಂದು ಒರಗಿದಂತೆ ಸಾಗಿದರೆ ಎಲ್ಲಿ ಕತ್ತರಿಸಿತು ಅಂತಲೇ ಗೊತ್ತಾಗದೆ ಉದ್ದಕ್ಕೂ ಪೆನ್ಸಿಲ್ ಮಸಿ. ಬಂಡೆ ಆಕಾಶದ ಅರ್ಧ ಭಾಗ ಮರೆಮಾಡಿದಾಗ ಸಿಕ್ಕ ನಾಲ್ಕೂ ಉಪಗ್ರಹ ಒಂದೇ ಕಡೆ ಇರುತ್ತವೆ. ಕಮಾನುಗಳು ಒರಗುತ್ತವೆ. ಜೊತೆಗೆ ಬಂಡೆಗೆ ಬಡಿದು ಸುತ್ತಿ ಬಂದ ಸಿಗ್ನಲ್ ಬೇರೆ. ಈ ಲೆಕ್ಕದಲ್ಲಿ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಡವಾದರೆ 30 ಸೆಂಟಿಮೀಟರ್ ವ್ಯತ್ಯಾಸ. ಬಂಡೆ ಸುತ್ತಿ ಬಂದದ್ದು ಎಷ್ಟು ತಡವಾಗಿರುತ್ತದೆ, ನೀವೇ ಯೋಚಿಸಿ.

ಸ್ವಲ್ಪ ಹೊತ್ತು ನಿಂತರೆ ಐದನೆಯದು, ಎಂಟನೆಯದು, ಹತ್ತನೆಯದು ಬಂದು ಸೇರುತ್ತವೆ. ಜಾಗ ಮೆಲ್ಲಗೆ ಕದಲಿ ಒಂದು ಕಡೆ ಕೂರುತ್ತದೆ. ಪರದೆಯ ಕೊನೆಯ ಅಂಕಿಗಳನ್ನು ನೋಡುತ್ತಿದ್ದರೆ ಅದು ಕೂರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒತ್ತಿ.

ಈಗ ಯಾರಿಗೂ ಅರ್ಥವಾಗದ ಮಾತಿಗೆ ಬರುತ್ತೇನೆ. ವಾಪಸ್ ಬರುವಾಗ ಜಿಪಿಎಸ್ ತಪ್ಪು ತೋರಿಸಿದರೆ ಕಾಯಬಹುದು. ನಾಲ್ಕು ಹೆಜ್ಜೆ ಬಯಲಿಗೆ ಸರಿಯಬಹುದು. ಅದು ತಾನೇ ಸರಿಹೋಗುತ್ತದೆ. ಗುರುತು ಮಾಡುವಾಗ ಆದ ತಪ್ಪು ಹಾಗಲ್ಲ. ಒತ್ತಿದ ಕ್ಷಣಕ್ಕೆ ಎಷ್ಟು ತಪ್ಪಿತ್ತೋ ಅಷ್ಟೂ ಸಿಮೆಂಟಿನಲ್ಲಿ ಮೂಡಿದ ನಾಯಿಯ ಹೆಜ್ಜೆಯ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಮುಂದಿನ ವರ್ಷ ನೀವು ಎಷ್ಟೇ ಒಳ್ಳೆಯ, ಎಷ್ಟೇ ಹೊಸ ಮೆಷಿನ್ ತಂದರೂ ಅದು ನಿಮ್ಮನ್ನು ಆ ತಪ್ಪು ಜಾಗಕ್ಕೆ ಇನ್ನೂ ಕರಾರುವಾಕ್ಕಾಗಿ ಕರೆದುಕೊಂಡು ಹೋಗುತ್ತದೆ, ಅಷ್ಟೇ. ನಮ್ಮ ಗೂಟದ ಕತೆಯಲ್ಲಿ ಆದದ್ದೂ ಅದೇ. ಪರದೆಯ ಸೊನ್ನೆ ಸುಳ್ಳಲ್ಲ. ಗುರುತಿನಿಂದ ಸೊನ್ನೆ ಮೀಟರ್. ಗೂಟದಿಂದ ಸೊನ್ನೆ ಮೀಟರ್ ಅಂತ ಅದು ಯಾವತ್ತೂ ಹೇಳಿಲ್ಲ. ಗೂಟ ಅಂದರೇನು ಅಂತ ಅದಕ್ಕೆ ಗೊತ್ತೂ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು. ಬಯಲಿನಲ್ಲಿ ಚೆನ್ನಾಗಿ ನಿಂತು ಮಾಡಿದ ಗುರುತಿನಲ್ಲೂ ನಾಲ್ಕೈದು ಮೀಟರ್ ಆಚೀಚೆ ಇರುತ್ತದೆ. ವಾಪಸ್ ಬಂದ ದಿನ ಮತ್ತೆ ನಾಲ್ಕೈದು ಮೀಟರ್. ಎರಡೂ ವಿರುದ್ಧ ದಿಕ್ಕಿಗೆ ಬಿದ್ದರೆ ಹತ್ತು ಮೀಟರ್ ಆಗಬಹುದು. ಯಾರ ತಪ್ಪೂ ಇಲ್ಲದೆ. "ಪರದೆಯಲ್ಲಿ ನಿಖರತೆ 3 ಮೀಟರ್ ಅಂತ ಬರೆದಿತ್ತಲ್ಲ ಸಾರ್" ಅಂತಾರೆ. ಅದು ಮೆಷಿನ್‌ನ ಅಂದಾಜು, ಮುಚ್ಚಳಿಕೆ ಅಲ್ಲ. ಬಂಡೆಗೆ ಬಡಿದು ಬಂದ ಸಿಗ್ನಲ್ಲನ್ನು ನಿಜ ಅಂತ ನಂಬಿ ಕೂತಿದ್ದರೆ ಅದರ ಅಂದಾಜೂ ಕೆಡುತ್ತದೆ.

ನಿಲ್ಲದೆ ಒತ್ತುವುದರಲ್ಲಿ ಇನ್ನೂ ತಮಾಷೆಯ ಒಂದು ಬಗೆ ಇದೆ. ಒಬ್ಬರು ಗಾಡಿ ನಿಲ್ಲಿಸಿ, ಮೆಷಿನ್ ಆನ್ ಮಾಡಿ, ಗಾಡಿಯೊಳಗೇ ಕೂತು ಗುರುತು ಒತ್ತಿ, ಕಾಡು ಸುತ್ತಲು ಹೋದರು. ಸಂಜೆ ನೋಡಿದರೆ ಗಾಡಿ 140 ಕಿಲೋಮೀಟರ್ ದೂರ ಇದೆ ಅಂತ ತೋರಿಸುತ್ತಿದೆ! ಗಾಬರಿಯಾಗಿ ನನಗೆ ಫೋನ್ ಮಾಡಿದರು. ಆ ದೂರದಲ್ಲಿ ಏನಿದೆ ನೋಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ಮನೆ" ಅಂದರು. ಹಿಂದಿನ ಸಲ ಮೆಷಿನ್ ಆಫ್ ಮಾಡಿದ್ದು ಅಲ್ಲಿ. ಕೆಲವು ಮಾಡೆಲ್‌ಗಳು ಹೊಸ ಜಾಗ ಸಿಗುವವರೆಗೆ ಕೊನೆಗೆ ಗೊತ್ತಿದ್ದ ಜಾಗವನ್ನೇ ತೋರಿಸುತ್ತಾ ಇರುತ್ತವೆ, ಒತ್ತಿದರೆ ಅದನ್ನೇ ಉಳಿಸಿಕೊಳ್ಳುತ್ತವೆ. ಎಲ್ಲವೂ ಹೀಗಲ್ಲ, ಕೆಲವು ಎಚ್ಚರಿಸುತ್ತವೆ. ನಿಮ್ಮದು ಯಾವ ಜಾತಿಯದು ಅಂತ ಮನೆಯಲ್ಲೇ ಪರೀಕ್ಷಿಸಿ ಇಟ್ಟುಕೊಳ್ಳಿ.

ಹಾಗಾದರೆ ಎಷ್ಟು ಹೊತ್ತು? ಗಾಡಿಯೋ ಟೆಂಟೋ ಆದರೆ ಎರಡು ನಿಮಿಷ ಸಾಕು. ಹತ್ತಿರ ಹೋದರೆ ಅದು ಕಣ್ಣಿಗೆ ಕಾಣುತ್ತದೆ. ಗೂಟದಂಥ ಸಣ್ಣ ವಸ್ತುವಾದರೆ ಹಲವು ಅಳತೆಗಳ ಸರಾಸರಿ ತೆಗೆಯುವ ಸೌಲಭ್ಯ ಬಳಸಿ. ಜಿಪಿಎಸ್ ತಯಾರಿಸುವ ಗಾರ್ಮಿನ್ ಕಂಪನಿಯ ಕೈಪಿಡಿಗಳು 4ರಿಂದ 8 ಸಲ ಅಳತೆ ತೆಗೆಯಿರಿ, ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 90 ನಿಮಿಷ ಬಿಡಿ ಅನ್ನುತ್ತವೆ. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ಹಿಂದಿನ ಸಲದ ತಪ್ಪೇ ಮತ್ತೆ ಬರುವುದಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ತಾಳ್ಮೆ ನನಗೂ ಇಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಹೊರಡುವಾಗ ಒಂದು ಸಲ ತೆಗೆಯುತ್ತೇನೆ. ಎರಡೂ ಹತ್ತಿರ ಹತ್ತಿರ ಬಂದರೆ ನೆಮ್ಮದಿ.

ಹಿಡಿಯುವ ರೀತಿ ಬಗ್ಗೆಯೂ ಒಂದು ಮಾತು. ಎದೆಗೆ ಅಪ್ಪಿಕೊಂಡು ಬಗ್ಗಿ ನೋಡಬೇಡಿ. ನಿಮ್ಮ ಮೈಯೇ ಅರ್ಧ ಆಕಾಶ ಮುಚ್ಚುತ್ತದೆ. ತಲೆಯ ಮೇಲೆ ಮೊಂಡು ಕೊಂಬಿನ ಹಾಗೆ ಆಂಟೆನಾ ಇರುವ ಮಾಡೆಲ್ಲನ್ನು ನೆಟ್ಟಗೆ ಹಿಡಿಯಿರಿ. ಇಲ್ಲದ ಚಪ್ಪಟೆ ಮಾಡೆಲ್ಲನ್ನು ತಟ್ಟೆಯ ಹಾಗೆ ಮಟ್ಟಸವಾಗಿ.

ಹಿಂದಿನವರು ಹೀಗೆ ಎಡವುತ್ತಿರಲಿಲ್ಲ. 2000ದ ಮೇ 2ರವರೆಗೆ ಅಮೆರಿಕ ಜನಸಾಮಾನ್ಯರ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಮೆಷಿನ್ ಸುಳ್ಳು ಹೇಳುತ್ತದೆ ಅಂತ ಎಲ್ಲರಿಗೂ ಗೊತ್ತಿದ್ದದ್ದರಿಂದ ಎಲ್ಲರ ಕೈಯಲ್ಲೂ ನೋಟ್‌ಪುಸ್ತಕ ಇರುತ್ತಿತ್ತು. ಬೆರಕೆ ನಿಂತ ಮರುದಿನವೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಇಂಟರ್ನೆಟ್‌ನಲ್ಲಿ ಹಾಕಿ, ಹುಡುಕಿ ನೋಡೋಣ ಅಂದರು. ಜಿಯೋಕ್ಯಾಶಿಂಗ್ ಅನ್ನುವ ಆಟ ಹುಟ್ಟಿದ್ದು ಹಾಗೆ. ಆ ಆಟದಲ್ಲಿ ಪಳಗಿದವರನ್ನು ನೋಡಿ. ಕೊನೆಯ ಹತ್ತು ಮೀಟರ್ ಬಂತು ಅಂದರೆ ಮೆಷಿನ್ ಜೇಬಿಗೆ ಹಾಕಿ ಕಣ್ಣಿನಿಂದ ಹುಡುಕುತ್ತಾರೆ. ನಮ್ಮವರು ಮಾತ್ರ ಅಷ್ಟು ಹತ್ತಿರ ಹೋದಮೇಲೂ ಬಾಣ ತಿರುಗಿದ ಕಡೆಯೆಲ್ಲ ತಿರುಗುತ್ತಾ ಗಾಣದೆತ್ತಿನ ಹಾಗೆ ಸುತ್ತುತ್ತಾರೆ.

ಬಾಣ ಅಂದೆನಲ್ಲ, ಅದರದ್ದೂ ಒಂದು ರಗಳೆ. ಕಂಪಾಸ್ ಇಲ್ಲದ ಮಾಡೆಲ್‌ಗೆ ನೀವು ನಿಂತಾಗ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಾಗುವುದಿಲ್ಲ. ನಡೆದರೆ ಮಾತ್ರ ಗೊತ್ತು. ನಿಂತಲ್ಲೇ ತಿರುಗಿ ನೋಡಿ, ಬಾಣವೂ ನಿಮ್ಮ ಜೊತೆಗೇ ತಿರುಗುತ್ತದೆ. ನೆಟ್ಟಗೆ ಇಪ್ಪತ್ತು ಹೆಜ್ಜೆ ನಡೆದು ಆಮೇಲೆ ಅದರ ಮಾತು ಕೇಳಿ. ಮತ್ತೆ, ಬಾಣ ಹೇಳುವುದು ದಿಕ್ಕು, ದಾರಿ ಅಲ್ಲ. ಮಧ್ಯೆ ಕಮರಿ ಇದ್ದರೂ ಕೆರೆ ಇದ್ದರೂ ಅದು ನೇರವೇ. ಗೊತ್ತಿಲ್ಲದ ಕಾಡಿನಲ್ಲಿ ಹೋಗುವಾಗಲೇ ಟ್ರ್ಯಾಕ್ ರೆಕಾರ್ಡ್ ಹಾಕಿಕೊಂಡು, ಬರುವಾಗ ಅದೇ ಜಾಡು ಹಿಡಿದು ಬನ್ನಿ. ಕತ್ತಲಲ್ಲಂತೂ ಬೇರೆ ಜಾಣತನ ಬೇಡ.

ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಹೇಳುವವರಿಗೆ ಒಂದು ವಿನಂತಿ. ಇಲ್ಲಿ ನಿಮಿಷ ಅಂದರೆ ಹೊತ್ತಲ್ಲ, ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. "ಮೂವತ್ತು ಪಾಯಿಂಟ್ ಐದು ಸೊನ್ನೆ ನಿಮಿಷ" ಅಂದರೆ ಮೂವತ್ತೂವರೆ ನಿಮಿಷ. ಅದನ್ನು ಆ ಕಡೆಯವರು ಮೂವತ್ತು ನಿಮಿಷ ಐವತ್ತು ಸೆಕೆಂಡ್ ಅಂತ ಬರೆದುಕೊಂಡರೆ, ಅಕ್ಷಾಂಶದಲ್ಲಿ ಸುಮಾರು 600 ಮೀಟರ್ ಹೋಯಿತು. ಅಲ್ಲಿ ನೀವು ಹತ್ತು ನಿಮಿಷ ನಿಂತು ಒತ್ತಿದ್ದರೂ ಉಪಯೋಗವಿಲ್ಲ.

ಹೊಸ ತಂಡ ಬಂದಾಗ ನಾನು ಒಂದು ಆಟ ಆಡಿಸುತ್ತೇನೆ. ಬಯಲಿನಲ್ಲಿ ಒಂದು ನಾಣ್ಯವನ್ನು ಮಣ್ಣಿನಡಿ ಮುಚ್ಚಿ, ಗುರುತು ಮಾಡಿ, ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಚೀಟಿ ಸಿಕ್ಕ ತಕ್ಷಣ ಎಲ್ಲರೂ ಓಡುತ್ತಾರೆ. ಸೊನ್ನೆ ಬಂದಲ್ಲಿ ಕೂತು ಕೆದರುತ್ತಾರೆ. ಹತ್ತು ನಿಮಿಷಕ್ಕೆ ವಾಪಸ್ ಬಂದು ಅದೇ ಮಾತು, "ಸಾರ್, ಮೆಷಿನ್..."

ಹೋದ ಸಲದ ತಂಡದಲ್ಲಿ ಒಬ್ಬ ಹುಡುಗಿ ಮಾತ್ರ ಓಡಲಿಲ್ಲ. ಚೀಟಿ ಓದಿದಳು, ನನ್ನ ಮುಖ ನೋಡಿದಳು.

"ಸಾರ್, ಇದನ್ನು ಗುರುತು ಮಾಡುವಾಗ ನೀವು ಎಷ್ಟು ಹೊತ್ತು ನಿಂತಿದ್ರಿ?"

ಬೆಳಗ್ಗೆ ಮೋಡ ಕವಿದಿತ್ತು. ಮಳೆ ಬಂದೀತೆಂದು ಆತುರದಲ್ಲಿದ್ದೆ. "ಅರ್ಧ ನಿಮಿಷ ನಿಂತಿರಬಹುದು ಕಣಮ್ಮಾ" ಅಂದೆ.

ಅವಳೇನೂ ಅನ್ನಲಿಲ್ಲ. ಸೊನ್ನೆ ಬಂದಲ್ಲಿ ಬ್ಯಾಗ್ ಇಟ್ಟಳು. ಅಲ್ಲಿಂದ ಹದಿನೈದು ಹೆಜ್ಜೆ ಎಣಿಸಿ, ಕಡ್ಡಿಯಿಂದ ನೆಲದ ಮೇಲೆ ದೊಡ್ಡ ಸುತ್ತು ಗೀಚಿದಳು. ಆಮೇಲೆ ಸುತ್ತಿನೊಳಗೆ ಎಲ್ಲಿ ಮಣ್ಣಿನ ಬಣ್ಣ ಬೇರೆಯಾಗಿದೆ ಅಂತ ಬಗ್ಗಿ ನೋಡುತ್ತಾ ನಡೆದಳು.